ಸುತ್ತಿ ಬಾ, ಲಾಳಿ

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಬೆಳಗಿನ ಹೊತ್ತು ಯಾರೂ ನೇರ ನಡೆಯುತ್ತಿರಲಿಲ್ಲ. ಇದು ಅರವತ್ತೆಂಟರ ಮಾತು. ಕರೆಂಟಿನ ಮಗ್ಗದ ಸದ್ದು ಆಚೆ ಬೀದಿಗೆ ಬಂದಿತ್ತು, ನಮ್ಮ ಬೀದಿಗೆ ಇನ್ನೂ ಬಂದಿರಲಿಲ್ಲ. ಸೀರೆಯ ಉದ್ದಕ್ಕೆ ಬೀಳುವ ನೂಲಿಗೆ ನಾವು ಹಾಸು ಅನ್ನುತ್ತೇವೆ. ಅದನ್ನು ಬೀದಿಯ ಉದ್ದಕ್ಕೂ ಎಳೆದು ಕಟ್ಟಿ, ಗಂಜಿ ಬಳಿದು, ಒಣಗುವ ತನಕ ಕುಂಚದಲ್ಲಿ ತೀಡುತ್ತಲೇ ಇರಬೇಕು. ನಡುವೆ ಕೈ ನಿಲ್ಲಿಸಿದರೆ ಎಳೆಗೆ ಎಳೆ ಅಂಟಿಕೊಂಡು ಇಡೀ ಹಾಸು ಹಲಗೆಯಂತಾಗುತ್ತದೆ, ಒಲೆಗೆ ಹಾಕುವುದಕ್ಕೂ ಬಾರದು.

ನಮ್ಮದು ಮುಚ್ಚಿದ ಬೀದಿ. ಪಡುವಣ ತುದಿಗೆ ಗೋಡೆ, ಗೋಡೆಗೆ ಸೇರಿದ ಹಾಗೆ ಒಂದು ಕಲ್ಲುಕಂಬ. ಹಾಸಿನ ಒಂದು ತುದಿ ಆ ಕಂಬಕ್ಕೆ. ಇನ್ನೊಂದು ತುದಿ ಮೂಡಣಕ್ಕೆ, ಬೀದಿಯ ಬಾಯಿಯ ಹತ್ತಿರ. ಈ ಸಾಲಿನವರು ಎದುರು ಸಾಲಿಗೆ ಹೋಗಬೇಕಾದರೆ ಮೂಡಣ ತುದಿ ಸುತ್ತಿಯೇ ಹೋಗಬೇಕು. ಹಾಸು ಇರುವುದು ಸೊಂಟದೆತ್ತರ. ಬಗ್ಗಿ ನುಸಿದರೆ ಮೂರೇ ಹೆಜ್ಜೆ. ಆದರೆ ಯಾರೂ ನುಸಿಯುತ್ತಿರಲಿಲ್ಲ. ಹಾಸಿನ ಕೆಳಗೆ ನುಸಿಯುವುದು ಮಗ್ಗಕ್ಕೆ ಮಾಡುವ ಅಪಚಾರ. ಹೆರಿಗೆ ನೋವು ಬಂದವಳನ್ನೂ ಕೈ ಹಿಡಿದು ಸುತ್ತಿಸಿಕೊಂಡೇ ಗಾಡಿ ಹತ್ತಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇಂಥ ಬೀದಿಯಲ್ಲಿ ಒಂದು ದಿನ ಎರಡು ನಾಯಿ ಕಚ್ಚಾಡಿಕೊಂಡು ಬಂದವು.

ಅವತ್ತು ಹಾಸು ಎದುರುಮನೆಯ ಚೌಡಯ್ಯನದು. ನನಗೂ ಅವನಿಗೂ ಮೊದಲಿಂದಲೂ ಕೈಸಹಾಯ. ಅವನ ಹಾಸು ಬಿದ್ದ ದಿನ ನಾನು ಕುಂಚ ಹಿಡಿಯುತ್ತಿದ್ದೆ, ನನ್ನದು ಬಿದ್ದ ದಿನ ಅವನು. ಸೋತ ನಾಯಿ ತಪ್ಪಿಸಿಕೊಳ್ಳಲು ಹಾರಿದ್ದು ನೆಟ್ಟಗೆ ಹಸಿ ಹಾಸಿನ ಮೇಲೆ. ಕಾಲು ನಾಲ್ಕೂ ಎಳೆಗಳಲ್ಲಿ ಸಿಕ್ಕಿಬಿದ್ದವು. ಅದು ಒದ್ದಾಡಿದಷ್ಟೂ ಎಳೆಗಳು ಪಟಪಟ ಅಂತ ಹರಿದವು. ಚೌಡಯ್ಯ ಕೆಟ್ಟವನಲ್ಲ, ಆದರೆ ಅವನ ಸಿಟ್ಟಿಗೆ ಕಣ್ಣಿರಲಿಲ್ಲ. ಪಕ್ಕದಲ್ಲಿ ಆಗತಾನೇ ಒಲೆಯಿಂದ ಇಳಿಸಿದ ಗಂಜಿಯ ಪಾತ್ರೆ ಇತ್ತು. ಎತ್ತಿ ಸುರಿದುಬಿಟ್ಟ. ನೀರಾದರೆ ಹರಿದು ಹೋಗುತ್ತದೆ. ಗಂಜಿ ಹಾಗಲ್ಲ, ಅಂಟಿಕೊಂಡು ಸುಡುತ್ತದೆ.

ಆ ಕೂಗನ್ನು ಬರೆಯುವುದಕ್ಕೆ ನನಗೆ ಬರುವುದಿಲ್ಲ. ಸುಳ್ಳು ಯಾಕೆ ಹೇಳಲಿ, ನಾಯಿ ಬಿಡಿಸಿಕೊಂಡು ಓಡಿದಾಗ “ಸರಿಯಾಗಿ ಆಯ್ತು ಬಿಡು” ಅಂದವನು ನಾನೇ.

ಮೂರು ದಿನ ಅದರ ಸುಳಿವಿರಲಿಲ್ಲ. ನಾಲ್ಕನೆಯ ದಿನ ಚೌಡಯ್ಯನ ಅಕ್ಕ ಅಕ್ಕಯ್ಯಮ್ಮ ಬೆರಣಿ ತರಲು ಹಿತ್ತಲ ಕೊಟ್ಟಿಗೆಗೆ ಹೋದಳು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದವಳು ಅವಳು. ನಾಯಿ ಸಿಕ್ಕ ಹೊತ್ತಿಗೆ ಅವಳಿಗೆ ಐವತ್ತರ ಮೇಲೆ ವಯಸ್ಸು. ಬರುವಾಗ ಗಂಡನ ಮಗ್ಗವನ್ನೂ ತಂದು ಆ ಕೊಟ್ಟಿಗೆಯಲ್ಲಿ ಗುಂಡಿ ತೋಡಿಸಿ, ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ಹತ್ತು ವರ್ಷ ನೇಯ್ದಿದ್ದಳು. ಕಣ್ಣು ಮಂಜಾದ ಮೇಲೆ ಮಗ್ಗ ಹೋಯಿತು, ಗುಂಡಿ ಉಳಿಯಿತು. ಆ ಗುಂಡಿಯ ಮೂಲೆಯಲ್ಲಿ ನಾಯಿ ಮುದುರಿಕೊಂಡಿತ್ತು. ಬೆನ್ನಿನ ಚರ್ಮ ಗಂಜಿಯ ಜೊತೆಗೇ ಎದ್ದು ಬಂದಿತ್ತು. ನೊಣ ಮುತ್ತಿತ್ತು.

“ಚೌಡಾ, ಬಾರೋ ಇಲ್ಲಿ. ನೀನು ಮಾಡಿರೋದನ್ನ ನೋಡ್ಬಾ.”

ಚೌಡಯ್ಯ ಬಂದು ನೋಡಿದ. ಮುಖ ತಿರುಗಿಸಿದ. “ಇದು ಉಳಿಯಲ್ಲ ಬಿಡಕ್ಕ. ಸಾಯಂಕಾಲ ಯಾರಿಗಾದ್ರೂ ಹೇಳಿ ಎಳೆಸಿಬಿಡ್ತೀನಿ.”

“ಎಳೆಸೋದು ಸತ್ತಮೇಲೆ. ಇನ್ನೂ ಕಣ್ಣು ಬಿಡ್ತಾ ಐತಲ್ಲೋ.”

ಸೀರೆಯ ಸೆರಗು ಸಿಕ್ಕಿಸಿಕೊಂಡು ಅವಳು ಗುಂಡಿಗೆ ಇಳಿದಳು. ಮುಟ್ಟಿದ ಕೂಡಲೇ ನಾಯಿ ಅವಳ ಮುಂಗೈ ಕಚ್ಚಿತು. ಕೈ ಎಳೆದುಕೊಳ್ಳದೆ ಹಾಗೇ ಬಿಟ್ಟುಕೊಂಡು ಕೂತಳು. “ಕಚ್ಕೋ. ನಮ್ಮನೇಲಿ ಯಾರನ್ನಾದ್ರೂ ಕಚ್ಚಲೇಬೇಕಲ್ಲ ನೀನು,” ಅಂದಳು. ಬಾಯಲ್ಲಿ ಬಲವಿರಲಿಲ್ಲ, ತಾನಾಗಿಯೇ ಬಿಟ್ಟಿತು.

ಚೌಡಯ್ಯನ ಹೆಂಡತಿ ಭಾಗ್ಯಮ್ಮ ಬಾಗಿಲಲ್ಲಿ ನಿಂತು ನಕ್ಕಳು. “ಕಣ್ಣು ಕಾಣಲ್ಲ ಅಂತ ಮಗ್ಗ ಬಿಟ್ರಿ ಅತ್ತಿಗೆ. ಈಗ ನಾಯಿ ಜೊತೆ ನೇಯಕ್ಕೆ ಕೂತ್ರಾ?”

“ಹೂಂ ಕಣಮ್ಮ, ನಿಂಗೇ ಒಂದು ಸೀರೆ. ಹೋಗಿ ಸುಣ್ಣ ನೆನೆಹಾಕು.”

ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದ ಆದಿನಾರಾಯಣಪ್ಪ ನಮ್ಮ ಬೀದಿಯ ಬಾಯಿಯ ಮುಂದೆಯೇ ಸೈಕಲ್ಲಿನಲ್ಲಿ ಮನೆಗೆ ಹೋಗುತ್ತಿದ್ದ. ಅಕ್ಕಯ್ಯಮ್ಮ ಅವನ ಸೈಕಲ್ಲಿಗೇ ಅಡ್ಡ ನಿಂತಳು.

“ಅಮ್ಮಾ, ನಾನು ಎತ್ತು ಎಮ್ಮೆ ನೋಡೋನು. ಬೀದಿ ನಾಯಿ ನೋಡಿದ್ರೆ ಜನ ನಗ್ತಾರೆ.”

“ನಗ್ಲಿ. ನೀನು ನೋಡು.”

ಅವನು ನೋಡಿದ. ತಿಳಿ ಸುಣ್ಣದ ನೀರಿಗೆ ಕೊಬ್ಬರಿ ಎಣ್ಣೆ ಹಾಕಿ ಬೆಣ್ಣೆಯ ಹಾಗೆ ಕಡೆದು ಹಚ್ಚಬೇಕು, ಹಳೆಯ ಪಂಚೆ ಕುದಿಸಿ ಒಣಗಿಸಿ ಹೊದಿಸಬೇಕು, ನೊಣಕ್ಕೆ ಬೇವಿನ ಸೊಪ್ಪಿನ ಹೊಗೆ ಎಂದು ಹೇಳಿದ. ಮಾರನೆಯ ದಿನ ಒಂದು ಪೊಟ್ಟಣದಲ್ಲಿ ಹಳದಿ ಪುಡಿಯನ್ನೂ ತಂದುಕೊಟ್ಟ. ಆಮೇಲೆ ಪ್ರತಿ ಭಾನುವಾರ ತಾನಾಗಿಯೇ ಬಂದು, ಕಾಫಿ ಕುಡಿದು, ಗುಂಡಿಗೆ ಇಣುಕಿ ಹೋಗುತ್ತಿದ್ದ.

ಔಷಧಿಗಿಂತ ಕಷ್ಟವಾದದ್ದು ಊಟ. ಎಲ್ಲರೂ ಗಂಜಿ ಕುಡಿಸು ಅಂದರು. ಗಂಜಿಯ ಬಟ್ಟಲು ಗುಂಡಿಯ ಅಂಚಿಗೆ ಬಂದರೆ ಸಾಕು, ನಾಯಿ ಮೈಯೆಲ್ಲ ನಡುಗಿ ಉಚ್ಚೆ ಹೊಯ್ದುಕೊಳ್ಳುತ್ತಿತ್ತು. ಎರಡು ದಿನ ಅದು ಏನೂ ಮುಟ್ಟಲಿಲ್ಲ. ವಾಸನೆಯ ಕಾರಣ ಎಂದು ಅಕ್ಕಯ್ಯಮ್ಮನಿಗೆ ಹೊಳೆದದ್ದು ಮೂರನೆಯ ದಿನ. ರಾಗಿಮುದ್ದೆಯನ್ನು ಹಾಲಲ್ಲಿ ಕಿವುಚಿ, ಬೆರಳಿನಲ್ಲಿ ನಾಲಿಗೆಗೆ ಸವರಿದಳು. ನೆಕ್ಕಿತು. ಅವತ್ತು ಅವಳು ನಮ್ಮ ಜಗಲಿಗೆ ಬಂದು ನನ್ನನ್ನು ಕರೆದು “ಸೀನಾ, ತಿಂತು ಕಣೋ” ಅಂದಳು. ಅಷ್ಟು ಹೇಳಲು ಮೂಡಣ ತುದಿ ಸುತ್ತಿ ಬಂದಿದ್ದಳು.

ಎದ್ದು ನಿಲ್ಲಲು ನಲವತ್ತು ದಿನ ಬೇಕಾಯಿತು. ಕತ್ತಿನಿಂದ ಬಾಲದವರೆಗೆ ಕೂದಲು ಮತ್ತೆ ಬರಲೇ ಇಲ್ಲ. ಬೆನ್ನು ಗುಲಾಬಿ ಬಣ್ಣದ ಬೋಳಾಗಿ ಉಳಿಯಿತು. ನಡೆಯಲು ಶುರುಮಾಡಿದ ಮೇಲೆ ಅಕ್ಕಯ್ಯಮ್ಮ ಅಡುಗೆಮನೆಗೆ ಹೋದರೆ ಅಲ್ಲಿಗೆ, ಹಿತ್ತಲಿಗೆ ಹೋದರೆ ಹಿತ್ತಲಿಗೆ, ಆ ಕಡೆ ಈ ಕಡೆ ಓಡಾಡುವುದೇ ಅದರ ಕೆಲಸ. ಅದಕ್ಕೇ, ಮಗ್ಗದಲ್ಲಿ ನೂಲು ಹೊತ್ತು ಆಚೆಗೂ ಈಚೆಗೂ ಓಡುವ ಲಾಳಿಯ ಹೆಸರಿಟ್ಟು, ಲಾಳಿ ಎಂದು ಕರೆದಳು.

ಚೌಡಯ್ಯ ಒಂದೇ ಮಾತು ಹೇಳಿದ. “ಇರ್ಲಿ ಅಕ್ಕ, ಬೇಡ ಅನ್ನಲ್ಲ. ಆದ್ರೆ ಇನ್ನೊಂದ್ಸಲ ಹಾಸಿನ ಹತ್ರ ಬಂತು ಅಂದ್ರೆ ಹಗ್ಗ ಕಟ್ಟಿ ಮಧುರೆ ಆಚೆ ಬಿಟ್ಟು ಬಂದ್ಬಿಡ್ತೀನಿ. ಆಮೇಲೆ ಅಳಬೇಡ.”

ಮೈಲಿಗಟ್ಟಲೆ ದೂರದ ಮಧುರೆ ಹಳ್ಳಿಯ ಆಚೆ ಬಿಟ್ಟರೆ ಈ ಬೋಳು ಬೆನ್ನಿನ ನಾಯಿಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಅಕ್ಕಯ್ಯಮ್ಮ ಹಿತ್ತಲಲ್ಲಿ ಎರಡು ಗೂಟ ನೆಟ್ಟು ಹರಕುನೂಲು ಕಟ್ಟಿದಳು. ಲಾಳಿಯನ್ನು ಒಂದು ಕಡೆ ಬಿಟ್ಟು, ತಾನು ಇನ್ನೊಂದು ಕಡೆ ರೊಟ್ಟಿಚೂರು ಹಿಡಿದು ಕೂತು “ಸುತ್ತಿ ಬಾ” ಅನ್ನುವಳು. ಕೆಳಗೆ ನುಸಿದು ಬಂದರೆ ರೊಟ್ಟಿ ಇಲ್ಲ, ತಿರುಗಿ ಆಚೆಗೆ ಅಟ್ಟುವಳು. ಗೂಟ ಸುತ್ತಿ ಬಂದರೆ ರೊಟ್ಟಿಯೂ ಉಂಟು, ಮುದ್ದೂ ಉಂಟು. ಹದಿನೈದು ದಿನ ಇದೇ ಪಾಠ. ಭಾಗ್ಯಮ್ಮ “ಸ್ಕೂಲು ಬಿಡ್ತಾ ಅತ್ತಿಗೆ?” ಎಂದು ಕೇಳುವಳು. “ಪಾಸಾಗೋ ತನಕ ಬಿಡಲ್ಲ” ಎಂದು ಇವಳು ಹೇಳುವಳು.

ಪಾಸಾಯಿತು, ಎಂಥಾ ಪಾಸು! ಬೀದಿಯಲ್ಲಿ ಹಾಸು ಬಿದ್ದಿದ್ದರೆ ಲಾಳಿ ಅದರ ನೆರಳನ್ನೂ ತುಳಿಯುತ್ತಿರಲಿಲ್ಲ. ನಮ್ಮ ಜಗಲಿಯಿಂದ ಅವರ ಜಗಲಿಗೆ ಹೋಗಬೇಕಾದರೆ ಹಿರಿಯರ ಹಾಗೆ ನಿಧಾನ ಮೂಡಣ ತುದಿ ಸುತ್ತಿ ಹೋಗುತ್ತಿತ್ತು. ಬೇರೆ ಬೀದಿಯವರು ನೋಡುವುದಕ್ಕೆ ಬಂದರು. “ನಮ್ಮ ಲಾಳಿಗಿರೋ ಮಗ್ಗದ ಭಯಭಕ್ತಿ ನಿಮ್ಮ ಮಕ್ಕಳಿಗೈತೇನ್ರೋ?” ಎಂದು ಜಂಬ ಕೊಚ್ಚಿಕೊಂಡವನು ಬೇರೆ ಯಾರೂ ಅಲ್ಲ, ಚೌಡಯ್ಯ.

ಆದರೆ ಲಾಳಿ ಅವನ ಹತ್ತಿರ ಮಾತ್ರ ಹೋಗಲಿಲ್ಲ. ಅವನು ಒಂದು ಹೆಜ್ಜೆ ಇಟ್ಟರೆ ಅದು ಎರಡು ಹೆಜ್ಜೆ ಹಿಂದೆ. ಊಟದ ಹೊತ್ತಿಗೆ ಯಾರಿಗೂ ಕಾಣದ ಹಾಗೆ ಜಗಲಿಯ ತುದಿಯಲ್ಲಿ ರೊಟ್ಟಿ ಇಟ್ಟು ಅವನು ಒಳಗೆ ಹೋಗುತ್ತಿದ್ದ. ಅವನು ಒಳಗೆ ಹೋದ ಮೇಲೆಯೇ ಅದು ತಿನ್ನುತ್ತಿತ್ತು.

“ನಾನು ಕರೆದ್ರೆ ಬರಲ್ಲ ಅಕ್ಕ ಅದು.”

“ಬರಲ್ಲ. ನಾನೇನು ಮಾಡ್ಲಿ ಹೇಳು. ಅದನ್ನ ನಂಗೆ ಕಲಿಸಕ್ಕೆ ಬರಲ್ಲ.”

ಮಾರನೆಯ ವರ್ಷ ಸಂಕ್ರಾಂತಿ ಕಳೆದ ವಾರ, ಪೇಟೆಯಲ್ಲಿ ಮೈಕೂದಲು ಉದುರಿದ ಹುಚ್ಚುನಾಯಿಯೊಂದು ಕಾಣಿಸಿಕೊಂಡಿತು. ದಿನಸಿ ಅಂಗಡಿ ಸಂಜೀವಪ್ಪನ ಮಗಳನ್ನು ಕಚ್ಚಿತು. ಆರು ವರ್ಷದ ಕೂಸು. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಅಂತ ಅದನ್ನು ಬೆಂಗಳೂರಿಗೆ ಕರೆದುಕೊಂಡು ಹೋದರು. ಮಗಳನ್ನು ಹೆಂಡತಿಯ ಜೊತೆ ಬಸ್ಸು ಹತ್ತಿಸಿದ ಸಂಜೀವಪ್ಪ ದೊಣ್ಣೆ ಹಿಡಿದು ಹೊರಟ. ಅವನ ಹಿಂದೆ ಹತ್ತು ಹನ್ನೆರಡು ಜನ. ಕಚ್ಚಿದ ನಾಯಿ ಆಗಲೇ ರಾಜಘಟ್ಟದ ದಾರಿಯಲ್ಲಿ ಸತ್ತುಬಿದ್ದಿತ್ತಂತೆ. ಆ ಸುದ್ದಿ ನಮಗೆ ಮುಟ್ಟಿದ್ದು ಮಾರನೆಯ ದಿನ.

ಅವತ್ತು ಬೆಳಿಗ್ಗೆ ಬೀದಿಯಲ್ಲಿ ಚೌಡಯ್ಯನ ಹಾಸು. ಗಂಜಿ ಬಳಿದು ಆಗತಾನೇ ತೀಡಲು ಶುರುಮಾಡಿದ್ದೆವು. ನಾನು ಪಡುವಣ ತುದಿಯಲ್ಲಿ, ಚೌಡಯ್ಯ ನಡುವೆ, ಅವನ ಮನೆಯ ಕಡೆಗೆ. ಅಕ್ಕಯ್ಯಮ್ಮ ತನ್ನ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಲಾಳಿ ಎದುರಿಗೆ, ನಮ್ಮ ಜಗಲಿಯ ಬಿಸಿಲಲ್ಲಿ ಮಲಗಿತ್ತು. ನಡುವೆ ಹಾಸು.

ಬೀದಿಯ ಬಾಯಲ್ಲಿ ಗದ್ದಲ ಕೇಳಿತು. “ಅಗೋ, ಅಗೋ! ಬೋಳು ಬೆನ್ನು! ಅದೇ ಕಣ್ರೋ!”

ಅಕ್ಕಯ್ಯಮ್ಮ ಎದ್ದಳು. ಮೊರದ ಅಕ್ಕಿಯೆಲ್ಲ ಚೆಲ್ಲಿತು. “ನಮ್ಮದು ಕಣ್ರಪ್ಪೋ! ಸಾಕಿರೋ ನಾಯಿ!” ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. “ಲಾಳೀ, ಬಾ! ನುಸ್ಕೊಂಡು ಬಾ! ಕೆಳಗೆ ನುಸಿಯೋ ನನ್ನಪ್ಪ!”

ಲಾಳಿ ಎದ್ದು ಹಾಸಿನ ಹತ್ತಿರ ಬಂತು. ಎಳೆಗಳ ಕೆಳಗೆ ದಾರಿ ತೆರೆದೇ ಇತ್ತು, ಆಚೆ ಅಕ್ಕಯ್ಯಮ್ಮನ ಕಾಲು ಕಾಣುತ್ತಿತ್ತು. ಅದು ನೆರಳಿನ ಅಂಚಿನಲ್ಲಿ ನಿಂತು ಅವಳ ಮುಖ ನೋಡಿತು. ಚೌಡಯ್ಯ “ಹೋಗೋ, ನುಸಿಯೋ!” ಎಂದು ಕೂಗಿದ. ಅವನ ಗಂಟಲು ಕೇಳಿ ಬೆದರಿತು. “ಬಾ ಲಾಳಿ, ಬಾ” ಎಂದು ಅಕ್ಕಯ್ಯಮ್ಮ ಮತ್ತೆ ಕೈ ಚಾಚಿದಳು. ಬಾ ಅಂದರೆ ಹೇಗೆ ಬರಬೇಕು ಅನ್ನುವುದು ಅದಕ್ಕೆ ಗೊತ್ತಿತ್ತು. ಬಾಲ ಅಲ್ಲಾಡಿಸಿ ಮೂಡಣಕ್ಕೆ ತಿರುಗಿ ಓಡಿತು. ದೊಣ್ಣೆ ಹಿಡಿದವರು ನಿಂತಿದ್ದ ತುದಿಗೆ.

ಅಕ್ಕಯ್ಯಮ್ಮನೂ ಓಡಿದಳು, ಹಾಸಿನ ತನ್ನ ಕಡೆಯಿಂದಲೇ, ಅದೇ ಮೂಡಣ ತುದಿಗೆ. ಚೌಡಯ್ಯ ಮಾತ್ರ ಕುಂಚ ಬಿಸಾಡಿ ಹಾಸಿನ ಕೆಳಗೆ ನುಗ್ಗಿದ. ಹೆಗಲು ತಗುಲಿ ಹರಿದ ಎಳೆಗಳು ಅವನ ಮೈಗೆ ಅಂಟಿಕೊಂಡಿದ್ದವು. ಹಾಗೇ ಓಡಿ ಲಾಳಿಯ ಮೇಲೆ ಬಿದ್ದ. ಕೊನೆಯ ಏಟು ಅವನ ತೋಳಿಗೆ ಬಿತ್ತು. ಮೊದಲಿನವು ಆಗಲೇ ಬಿದ್ದಿದ್ದವು.

“ಬಿಡು ಚೌಡಯ್ಯ, ಹುಚ್ಚು ಹಿಡಿದಿರೋದು ಅದು! ಬೆನ್ನು ನೋಡು!” ಎಂದ ಸಂಜೀವಪ್ಪ. ಅವನ ಕಣ್ಣಲ್ಲೂ ನೀರಿತ್ತು.

“ಹುಚ್ಚಲ್ಲ ಗುರು,” ಅಂದ ಚೌಡಯ್ಯ. “ಸುಟ್ಟಿದ್ದು. ನಾನೇ ಸುಟ್ಟಿದ್ದು.”

ಸಂಜೀವಪ್ಪನ ಕೈಯಿಂದ ದೊಣ್ಣೆ ಜಾರಿತು. ಅಕ್ಕಯ್ಯಮ್ಮ ಸುತ್ತಿಕೊಂಡು ಬರುವ ಹೊತ್ತಿಗೆ ಲಾಳಿಯ ತಲೆ ಚೌಡಯ್ಯನ ತೊಡೆಯ ಮೇಲಿತ್ತು. ಅದು ಅವನಿಂದ ಮುಟ್ಟಿಸಿಕೊಂಡದ್ದು ಅದೇ ಮೊದಲು. ಬಹುಶಃ ಯಾರ ಕೈ ಅನ್ನುವುದು ಅದಕ್ಕೆ ಆಗ ತಿಳಿಯುತ್ತಿರಲಿಲ್ಲ.

ಅವತ್ತು ಮತ್ತೆ ಯಾರೂ ಕುಂಚ ಹಿಡಿಯಲಿಲ್ಲ. ಹಾಸು ಬಿಸಿಲಿಗೆ ಹಲಗೆಯ ಹಾಗೆ ಒಣಗಿ ಗಾಳಿಗೆ ಕಟಕಟ ಸದ್ದು ಮಾಡುತ್ತಿತ್ತು. ಸಾಯಂಕಾಲ ಚೌಡಯ್ಯ ಅದನ್ನು ಕಂಬದಿಂದ ಕಡಿದು ಹಾಕಿದ. ಲಾಳಿಯನ್ನು ಹಿತ್ತಲಿನ ಮಗ್ಗದ ಗುಂಡಿಯಲ್ಲೇ ಮಲಗಿಸಿ ಮಣ್ಣು ತುಂಬಿದೆವು.

ಮಣ್ಣು ತುಳಿದು ಸಮ ಮಾಡುವಾಗ ಅಕ್ಕಯ್ಯಮ್ಮ ನನ್ನ ಪಕ್ಕ ಬಂದು ನಿಂತಳು. ಕಣ್ಣಲ್ಲಿ ನೀರಿರಲಿಲ್ಲ.

“ಸೀನಾ, ಬಗ್ಗಿದ್ರೆ ಮೂರು ಹೆಜ್ಜೆ ಇತ್ತು ಕಣೋ.”

ನಾನು ಮಣ್ಣು ತುಳಿಯುತ್ತಲೇ ಇದ್ದೆ.

“ಅದಕ್ಕೆ ಗೊತ್ತಿರ್ಲಿಲ್ಲ, ಸರಿ. ಪ್ರಾಣಿ. ನಂಗೆ ಗೊತ್ತಿತ್ತಲ್ಲ. ಅದಕ್ಕೆ ನುಸಿ ನುಸಿ ಅಂತ ಬಾಯಲ್ಲಿ ಹೇಳಿ ನಾನು ಸುತ್ಕೊಂಡು ಹೋದ್ನಲ್ಲೋ.”

ಅವಳಾದರೂ ಓಡಿದ್ದಳು. ನಾನಂತೂ ಕುಂಚ ಹಿಡಿದು ನಿಂತಲ್ಲೇ ನಿಂತಿದ್ದೆ.

ಹದಿನೈದು ದಿನದ ಮೇಲೆ ಬೀದಿಯಲ್ಲಿ ಮತ್ತೆ ಹಾಸು ಬಿತ್ತು. ಅಕ್ಕಯ್ಯಮ್ಮನಿಗೆ ನಮ್ಮ ಮನೆಯಿಂದ ಮಜ್ಜಿಗೆ ಬೇಕಿತ್ತು. ಚೊಂಬು ಹಿಡಿದು ಜಗಲಿ ಇಳಿದವಳು ಮೂಡಣಕ್ಕೆ ತಿರುಗಲಿಲ್ಲ. ನೇರ ಹಾಸಿನ ಹತ್ತಿರ ಬಂದು, ಸೊಂಟ ಹಿಡಿದುಕೊಂಡು, ಬಗ್ಗಿದಳು. ಕುಂಚ ಹಿಡಿದ ಕೈಗಳೆಲ್ಲ ನಿಂತವು. ಚೌಡಯ್ಯ ಪಕ್ಕದಲ್ಲಿದ್ದ ಬಿದಿರಿನ ಗಳವೊಂದನ್ನು ತೆಗೆದುಕೊಂಡು, ಅವಳ ತಲೆಗೆ ತಾಗದ ಹಾಗೆ, ಹಾಸನ್ನು ಒಂದು ಗೇಣು ಮೇಲಕ್ಕೆ ಎತ್ತಿ ಹಿಡಿದ.