ಹೊರದೇಶಕ್ಕೆ ಆಗದ ಹಿಟ್ಟು

"ಕಣ್ಣು ಕಿತ್ತೋಗವೇನೇ ಲೌಡಿ? ಇದು ಫಾರಿನ್ನಿಗೆ ಹೋಗೋ ಮಾಲು ಕಣೇ. ಇದಕ್ಕೆ ಸಕ್ರೆ ಸುರ್ದಿದೀಯಲ್ಲ."

ಸೂಪರ್‌ವೈಸರ್ ಭಾನುಪ್ರಕಾಶನ ಕೂಗಿಗೆ ಮಿಷಿನ್ನು ನಿಂತಿತು. ಫೋನಿನಲ್ಲಿ ಮಾತಾಡುತ್ತಾ ಈ ತೊಟ್ಟಿಗೇ ಸುರಿ ಎಂದು ಬೆರಳು ತೋರಿಸಿದವನು ಅವನೇ. ಸಕ್ಕರೆ ಸುರಿದಿದ್ದ ಶಿಲ್ಪಾ ಹಾಗೆಂದು ಹೇಳಿದ್ದಕ್ಕೆ, ಹೊಲಗೇರಿಯವರನ್ನು ಒಳಗೆ ಬಿಟ್ಟುಕೊಂಡರೆ ಆಗುವುದೇ ಇಷ್ಟು ಎಂದು ಎಲ್ಲರಿಗೂ ಕೇಳುವಂತೆ ಅಂದ. ನೆಲಕ್ಕೆ ಚೆಲ್ಲಿದ್ದನ್ನು ಅವಳ ಕೈಯಲ್ಲಿ, ಮಂಡಿಯೂರಿಸಿ ಬಾಚಿಸಿದ.

ಕೋರ ಎಂಬ ಊರಿನ ಆಚೆಯ ಆ ಕಾರ್ಖಾನೆಯಲ್ಲಿ ಮಕ್ಕಳ ಹಿಟ್ಟಿಗೆ ಎರಡು ಲೈನು. ಗೋಧಿ ಒಂದೇ, ಹಾಲಿನ ಪುಡಿ ಒಂದೇ, ಡಬ್ಬಿಯ ಮೇಲೆ ನಗುವ ಮಗುವೂ ಒಂದೇ. ಹೊರದೇಶದ ಲೈನಿಗೆ ಸಕ್ಕರೆ ಇಲ್ಲ. ನಮ್ಮೂರುಗಳ ಲೈನಿಗೆ ಮೂಟೆಗಟ್ಟಲೆ. ಎರಡು ವರ್ಷದಿಂದ ಅದನ್ನು ಸುರಿಯುತ್ತಿದ್ದವಳು ಶಿಲ್ಪಾ. ಯಾಕೆಂದು ಒಮ್ಮೆ ಕೇಳಿದ್ದಳು. ಅಲ್ಲಿಯ ಮಕ್ಕಳ ಆರೋಗ್ಯಕ್ಕೆ ಸಕ್ಕರೆ ಒಳ್ಳೆಯದಲ್ಲ ಎಂದು ಭಾನುಪ್ರಕಾಶ್ ಇಂಗ್ಲಿಷ್ ಬೆರೆಸಿ ವಿವರಿಸಿದ್ದ. ಇಲ್ಲಿಯ ಮಕ್ಕಳ ಮಾತು ಎತ್ತಿರಲಿಲ್ಲ. ಅವಳ ಹತ್ತು ತಿಂಗಳ ಮಗಳಿಗೆ ಕಂಪನಿ ತಿಂಗಳಿಗೊಂದು ಡಬ್ಬಿ ಪುಕ್ಕಟೆ ಕೊಡುತ್ತಿತ್ತು, ಫೋಟೊ ತೆಗೆಸಿಕೊಂಡು. ಮಗು ಈಗ ರಾಗಿ ಗಂಜಿ ತುಟಿಗೆ ಸೋಕಿಸಿದರೆ ಉಗುಳುತ್ತಿತ್ತು.

ಕೆಟ್ಟ ಹಿಟ್ಟನ್ನು ಹೂಳಲು ಗುಂಡಿ ತೋಡಿಸುತ್ತಾರೆ ಎಂದುಕೊಂಡಿದ್ದಳು, ಜೊತೆಯಲ್ಲಿ ಪ್ಯಾಕಿಂಗ್ ಮಾಡುವ ಗಿರಿಯಮ್ಮ. ಮಧ್ಯಾಹ್ನ ಅದನ್ನು ತುಂಬಲು ಬಂದದ್ದು ಗುಬ್ಬಿ, ಕುಣಿಗಲ್ಲಿಗೆ ಹೋಗುವ ಡಬ್ಬಿಗಳು.

"ಸಾ, ಕೆಟ್ಟೋಯ್ತು ಅಂದ್ರಿ?" ಶಿಲ್ಪಾ ಕೇಳಿದಳು.

"ಅವ್ರಿಗೆ ಕೆಟ್ಟಿದ್ದು. ನಮ್ಮೋರಿಗೇನಾಯ್ತದೆ? ನಿನ್ ಮಗ್ಳೇ ಬಾಯಿ ಚಪ್ಪರಿಸ್ಕಂಡ್ ತಿಂತಾಳೆ. ಮುಚ್ಕಂಡ್ ತುಂಬು."

ತುಂಬಿದಳು. ಸಂಜೆ ಪೆಟ್ಟಿಗೆಗಳು ಲಾರಿಗೆ ಏರುವಾಗ, ತಾರೀಖು ಬರೆಯುವ ದಪ್ಪ ಮಾರ್ಕರ್ ಹಿಡಿದು ಒಂದೊಂದರ ಮೇಲೂ ಬರೆಯತೊಡಗಿದಳು: 'ಫಾರಿನ್ ಮಕ್ಕಳಿಗೆ ಕೆಟ್ಟದ್ದು. ನಿಮ್ಮ ಮಕ್ಕಳಿಗೆ ಕಳಿಸಿದೀವಿ.' ಓದು ಬಾರದ ಗಿರಿಯಮ್ಮ ಅದೇನೆಂದು ಕೇಳಿದಳು. ಶಿಲ್ಪಾ ಓದಿ ಹೇಳಿದಳು. ಗಿರಿಯಮ್ಮ ಬರೆದ ಮಗ್ಗುಲು ಒಳಕ್ಕೆ ಮಾಡಿ ಪೆಟ್ಟಿಗೆ ಜೋಡಿಸಲು ಹಮಾಲರಿಗೆ ಹೇಳಿದಳು.

ಮೂವತ್ತನೆಯ ಪೆಟ್ಟಿಗೆಯ ಮೇಲೆ ಬರೆಯುವಾಗ ಭಾನುಪ್ರಕಾಶ್ ನೋಡಿಬಿಟ್ಟ. ಮಾರ್ಕರ್ ಕಿತ್ತುಕೊಂಡು ಕೆನ್ನೆಗೆ ಬಾರಿಸಿದ.

"ಯಾರ್ ಅನ್ನ ತಿಂತಿದೀಯ ಗೊತ್ತೇನೇ?"

"ನಾನ್ ತಿನ್ನೋದಿರ್ಲಿ ಬುಡು. ನಿಮ್ಮನೇಲೂ ಮಕ್ಳವೆ ಅಲ್ವಾ? ಒಂದ್ ಡಬ್ಬಿ ತಗಂಡೋಗಿ ತಿನ್ಸು. ನಾನೇ ಬಂದು ಕಲ್ಸ್‌ಕೊಡ್ತೀನಿ."

ಅವನು ಕಾವಲುಗಾರನನ್ನು ಕರೆದು ಅವಳನ್ನು ರಟ್ಟೆ ಹಿಡಿಸಿ ಗೇಟಿನಾಚೆ ದಬ್ಬಿಸಿದ. ನಾಳೆಯಿಂದ ಕೆಲಸವಿಲ್ಲ ಎಂದ. ಆ ಪೆಟ್ಟಿಗೆಯನ್ನು ಹರಿದುಹಾಕಿಸಿ, ಡಬ್ಬಿಗಳನ್ನು ಬೇರೆಯದಕ್ಕೆ ತುಂಬಿಸಿದ. ಬರೆದದ್ದು ಅದೊಂದೇ ತಾನೇ ಎಂದು ಕೇಳಿದಾಗ ಗಿರಿಯಮ್ಮ ಹೂಂಗುಟ್ಟಿದಳು.

ಲಾರಿ ಹೊರಬಿತ್ತು. ಊದಿದ ಕೆನ್ನೆಯಲ್ಲಿ ರಸ್ತೆ ಬದಿ ನಿಂತಿದ್ದ ಶಿಲ್ಪಾ ಕೈಯೆತ್ತಿ ಡ್ರೈವರಿಗೆ ಹೇಳಿದಳು:

"ನಿಧಾನಕ್ಕೋಗಣ್ಣ. ಎಲ್ಲಾನೂ ಹುಷಾರಾಗಿ ತಲುಪ್ಸ್‌ಬುಡು."