ಕುದುರೆಯ ಮನೆ

ಸೋಲೊಪ್ಪಿ ಕೈಕುಲುಕಲು ಸಾರಿಕಾ ಬಲಗೈ ಎತ್ತಿಯೇಬಿಟ್ಟಿದ್ದಳು. ಚದುರಂಗದ ಹಲಗೆಯ ಮೇಲೆ ಇಬ್ಬರಿಗೂ ಒಂದೊಂದು ರಾಜ, ಒಂದೊಂದು ಪ್ಯಾದೆ ಉಳಿದಿದ್ದವು. ಎದುರು ಕೂತ ಸುಗಲಾಬಾಯಿಯ ಪ್ಯಾದೆ ಆಗಲೇ ಕೊನೆಯ ಮನೆ ಮುಟ್ಟಿತ್ತು. ಅದು ಎತ್ತ ಬೇಕಾದರೂ ಎಷ್ಟು ದೂರವಾದರೂ ಓಡುವ ವಜೀರನಾಗಿಬಿಟ್ಟರೆ ಆಮೇಲೆ ಉಳಿಯುವುದೇನು ಮಣ್ಣು! ಗೆದ್ದವರಿಗೆ ಪುಣೆಯ ರಾಜ್ಯಮಟ್ಟದ ಪಂದ್ಯ. ಚಾದರ ವ್ಯಾಪಾರದ ಮನೆಯ ಸೊಸೆ ಸಾರಿಕಾ ಹಿಂದಿನ ಎರಡು ವರ್ಷವೂ ಸೊಲ್ಲಾಪುರದ ಈ ಫೈನಲ್‌ನಲ್ಲೇ ಮುಗ್ಗರಿಸಿದ್ದಳು.

ಅಷ್ಟರಲ್ಲಿ ಸುಗಲಾಬಾಯಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಪ್ಯಾದೆ ತೆಗೆದು, ಅಲ್ಲೊಂದು ಕುದುರೆಯನ್ನಿಟ್ಟು ಗಡಿಯಾರ ಒತ್ತಿದಳು.

ಕುದುರೆ?

ಎತ್ತಿದ ಕೈಯನ್ನು ಸಾರಿಕಾ ಕೆನ್ನೆಗೆ ತಂದುಕೊಂಡಳು. ಭಂಡಾರಕವಠೆ ಹಳ್ಳಿಯ ಈ ಹೆಂಗಸೇನು ಸಾಮಾನ್ಯಳೇ? ಬೆಳಿಗ್ಗೆಯಿಂದ ಕಾಲೇಜು ಹುಡುಗಿಯರನ್ನೆಲ್ಲ ಸೋಲಿಸಿ ಮನೆಗೆ ಕಳಿಸಿದವಳು. ಒಂದು ಆಟದಲ್ಲಿ ಪ್ಯಾದೆಯನ್ನು ವಜೀರ ಮಾಡಿಕೊಂಡದ್ದನ್ನು ಸಾರಿಕಾಳೇ ನಿಂತು ನೋಡಿದ್ದಳು. ಹಾಗಾದರೆ ಈಗ ಯಾಕಿಲ್ಲ? ಏನೋ ಮಸಲತ್ತು ಇರಲೇಬೇಕು. ಆ ಕುದುರೆ ಎತ್ತ ಹಾರಿದರೆ ತನ್ನ ಪ್ಯಾದೆ ಸಿಕ್ಕೀತೆಂದು ಹುಡುಕಿದಳು. ಸಿಗುವಂತಿರಲಿಲ್ಲ. ಗೆಲ್ಲುವ ಆಸೆಗಿಂತ ಈ ಒಗಟೇ ಹೆಚ್ಚಾಗಿ ಕಾಡಿತು. ಕೊನೆಗೆ ಸಮಯ ಮುಗಿದೀತೆಂಬ ಭಯಕ್ಕೆ ಪ್ಯಾದೆ ನೂಕಿದಳು. ಕುದುರೆ ಅಷ್ಟು ದೂರದಿಂದ ಕುಪ್ಪಳಿಸಿ ಬರುವಷ್ಟರಲ್ಲಿ ಸಾರಿಕಾಳ ಪ್ಯಾದೆ ವಜೀರನಾಗಿತ್ತು. ಸ್ವಲ್ಪ ಹೊತ್ತಿಗೆ ಆಟ ಮುಗಿಯಿತು. ಗೆಲುವು ಸಾರಿಕಾಳದೆಂದು ಹೇಳಿ ಪಂಚರು ವೇದಿಕೆಯತ್ತ ಹೋದರು.

ಸಾರಿಕಾಳಿಗೆ ತಡೆಯಲಾಗಲಿಲ್ಲ. "ಮಾವಶಿ, ಒಂದು ಕೇಳ್ತೀನ್ರಿ. ವಜೀರ ಬಿಟ್ಟು ಕುದುರಿ ಯಾಕ ತಗೊಂಡ್ರಿ?"

ಇದೂ ಒಂದು ಕೇಳುವ ಮಾತೇ ಎಂಬಂತೆ ಸುಗಲಾಬಾಯಿ ನಕ್ಕಳು. "ಪ್ಯಾದಿ ಹೋಗಿದ್ದು ಆಟದ ಸುರುವಿಗೆ ಕುದುರಿ ನಿಲ್ಲೋ ಮನಿಗಲ್ಲೇನವ್ವಾ? ಅಲ್ಲಿ ಹೋದ್ರ ಕುದುರಿನೇ ಆಗ್ಬೇಕು. ಮುಂಜಾನಿ ವಜೀರನ ಮನಿಗೆ ಹೋಗಿತ್ತು, ವಜೀರ ಆತು. ನಿಂದೂ ಈಗ ವಜೀರನ ಮನಿಗೇ ಹೋತಲ್ಲ. ನಮ್ಮ ಮಾವನಾರು ಹಿಂಗ ಕಲಿಸ್ಯಾರ."

ಅದು ಹಳೆಯ ಕಾಲದ ಊರಾಟ, ಇಲ್ಲಿ ಹಾಗಿಲ್ಲ ಎಂದು ಸಾರಿಕಾ ಹೇಳಿದಳು. ಹೇಳದೆ ಎದ್ದು ಹೋಗಬಹುದಿತ್ತು, ಆದರೆ ಅವಳ ಬಾಯಿ ಸುಮ್ಮನಿರಲಿಲ್ಲ.

"ಯಾವ ಮನಿಗೆ ಹೋದ್ರೂ ವಜೀರ ಆಗಬಹುದೇನು?"

"ಹೂಂನ್ರಿ. ಯಾವ ಮನಿಗೆ ಹೋದ್ರೂ."

ಸುಗಲಾಬಾಯಿಯ ನಗು ನಿಂತಿತು. ಆಮೇಲೆ ಇಬ್ಬರು ರಾಜರನ್ನೂ ಸಾರಿಕಾಳ ಪ್ಯಾದೆಯನ್ನೂ ಕುದುರೆ ಇಟ್ಟಾಗ ಇದ್ದ ಜಾಗಕ್ಕೇ ಮರಳಿ ತಂದಳು. ಕುದುರೆಯನ್ನು ಬದಿಗೆ ಸರಿಸಿ, ಅದರ ಮನೆಯಲ್ಲಿ ವಜೀರನನ್ನಿಟ್ಟಳು.

"ಈಗ ಆಡವ್ವಾ," ಎಂದಳು.

ಮೈಕಿನಲ್ಲಿ ಸಾರಿಕಾಳ ಹೆಸರು ಕೂಗಿದರು. ಅವಳಿಗೆ ಏಳಲು ಮನಸ್ಸಾಗಲಿಲ್ಲ. ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಪ್ಯಾದೆ ನೂಕಿದಳು. ಸುಗಲಾಬಾಯಿ ವಜೀರನ ತಲೆಯ ಮೇಲೆ ಬೆರಳಿಟ್ಟು, ಅದನ್ನು ಹಲಗೆಯ ಆ ತುದಿಯಿಂದ ಈ ತುದಿಗೆ, ಎಲ್ಲೂ ನಿಲ್ಲಿಸದೆ, ನಿಧಾನವಾಗಿ ಜಾರಿಸಿದಳು.