ತುಂಬಿದ ಕೆನ್ನೆ

ಯುದ್ಧಭೂಮಿಯಲ್ಲಿ ಸೈನಿಕರ ಚಿತ್ರ ಬರೆಯಲು ಹೋಗಿದ್ದ ಕಲಾವಿದೆಗೆ ಕಂದಕದಲ್ಲಿದ್ದ ಒಬ್ಬ ಸಿಪಾಯಿ, "ಅಕ್ಕಾ, ಕೆನ್ನೆ ಸ್ವಲ್ಪ ತುಂಬಿಸಿ ಬರೀರಿ. ಹೀಗೆ ಬಡಕಲಾಗಿರೋದು ನೋಡಿದ್ರೆ ಅಮ್ಮನಿಗೆ ತುತ್ತು ಇಳಿಯಲ್ಲ" ಅಂದ. ಆಕೆ ಹಾಗೇ ಬರೆದು, ಊರಿಗೆ ಮರಳಿದ ಮೇಲೆ ಅವನ ತಾಯಿಗೆ ಕೊಟ್ಟಳು.

ದರ್ಜಿ ಕೆಲಸದ ಆ ತಾಯಿ ಮಗನಿಗೆ ಅಂಗಿ ಹೊಲಿಯುತ್ತಿದ್ದಳು. ಚಿತ್ರ ನೋಡಿ ನಕ್ಕಳು. "ಕಣ್ಣು ನನ್ನ ಮಗಂದೇ. ಕೆನ್ನೆ ಅವನು ಹೇಳಿ ಬರೆಸಿದ್ದು, ಅಲ್ವೇನಮ್ಮಾ? ನಿಜವಾಗಿ ಎಷ್ಟು ಸೊರಗಿದ್ದಾನೆ?"

ಕಲಾವಿದೆಗೆ ಸುಳ್ಳು ಬಾಯಿಗೆ ಬರಲಿಲ್ಲ. ಅಂಗಿಯ ಬದಿಗಳನ್ನು ಎರಡೂ ಕಡೆ ಬೆರಳಲ್ಲಿ ಮಡಿಸಿ ತೋರಿಸಿದಳು. ತಾಯಿ ಅಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದು ಹೊಲಿಗೆ ಬಿಚ್ಚಿದಳು.

ರಜೆಗೆ ಬಂದ ಮಗನಿಗೆ ಅಂಗಿ ಹೇಳಿ ಮಾಡಿಸಿದ ಹಾಗೆ ಕೂತಿತು. "ನನ್ನ ಅಳತೆ ನಿನಗೆ ಹೇಗೆ ಗೊತ್ತಾಯ್ತಮ್ಮಾ?" ಅಂದ.

"ಬಾ, ಮೊದಲು ಊಟಕ್ಕೆ ಕೂತ್ಕೋ" ಅಂದಳು.